ಒಂದು ವಿಮಾನವನ್ನು ನಂಬಿ ಮನೆ ಕೊಳ್ಳಬೇಡಿ

ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ನೆಲೆಸಿ, ಊರಿನಲ್ಲೊಂದು ಮನೆ ಕೊಳ್ಳಲು ಹೊರಟಿರುವ ಕನ್ನಡ ಬಂಧುಗಳಿಗೆ,



ಎಡಿಸನ್, ಪ್ಲೇನ್ಸ್‌ಬೊರೊ, ಪಾರ್ಸಿಪನಿ, ಜೆರ್ಸಿ ಸಿಟಿ, ಕ್ವೀನ್ಸ್, ಎಲ್ಲೇ ಇರಲಿ, ನಮ್ಮವರ ನಡುವೆ ಮನೆಯ ಮಾತು ಬಂದರೆ ಅದು ಎರಡು ಮನೆಗಳ ಮಾತಾಗಿರುತ್ತದೆ. ಇಲ್ಲಿಯ ಮನೆ ದುಡಿಮೆಗೆ, ಮಕ್ಕಳ ಶಾಲೆಗೆ. ಅಲ್ಲಿಯದು ವಯಸ್ಸಾದ ಅಪ್ಪ-ಅಮ್ಮನಿಗೆ, ರಜೆಗೆ, ಮುಂದೊಂದು ದಿನ ವಾಪಸ್ ಹೋದರೆ ನಮಗೆ. ಆ ಎರಡನೆಯ ಮನೆಯನ್ನು ಮಾರುವವರು ಈಗ ನಮ್ಮ ಬಾಗಿಲಿಗೇ ಬರುತ್ತಾರೆ. ಆಸ್ತಿ ಮೇಳಗಳಲ್ಲಿ, ಹಬ್ಬದ ಕಾರ್ಯಕ್ರಮಗಳ ಪಕ್ಕದ ಮಳಿಗೆಗಳಲ್ಲಿ ಅವರು ಕೈಗಿಡುವ ಬ್ರೋಷರುಗಳಲ್ಲಿ ಅಡುಗೆಮನೆಯ ಅಳತೆಗಿಂತ ಮೊದಲು ಒಂದು ನಕ್ಷೆ ಕಾಣುತ್ತದೆ: ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಅಪಾರ್ಟ್‌ಮೆಂಟಿನವರೆಗೆ ಎಳೆದ ಗೆರೆ, ಅದರ ಮೇಲೆ ನಿಮಿಷಗಳ ಲೆಕ್ಕ. ಅಮೆರಿಕದ ನೇರ ವಿಮಾನ ಇಂದಲ್ಲ ನಾಳೆ ಬಂದೇ ಬರುತ್ತದೆ ಎಂಬ ಭರವಸೆ ಬಾಯಿಮಾತಿನಲ್ಲಿ ಸೇರಿಕೊಳ್ಳುತ್ತದೆ. ಈ ಪತ್ರದಲ್ಲಿ ನಿಮ್ಮ ಮುಂದಿಡಬೇಕಾದ ಮಾತು ಒಂದೇ. ವಿಮಾನ ಸಂಪರ್ಕವನ್ನು ನೋಡಿಯೇ ಮನೆ ಕೊಳ್ಳಿ, ಆದರೆ ಯಾವ ಒಂದು ವಿಮಾನವನ್ನೂ ನಂಬಿ ಕೊಳ್ಳಬೇಡಿ. ಆ ಊರಿಗೆ ಹೋಗಲು ಒಂದಕ್ಕೊಂದು ಸಂಬಂಧವಿಲ್ಲದ ಎಷ್ಟು ದಾರಿಗಳಿವೆ ಎಂಬುದನ್ನು ಎಣಿಸಿ, ಆಮೇಲೆ ಮುಂಗಡ ಕೊಡಿ.

ಮೊದಲು ಇರುವ ದಾರಿಗಳನ್ನು ನೋಡೋಣ. ನಮ್ಮ ಕಡೆಯಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 13,400 ಕಿ.ಮೀ. ದೂರ. ಒಂದು ಬಗೆಯ ದಾರಿ ದೆಹಲಿ ಅಥವಾ ಮುಂಬೈವರೆಗೆ ನೇರ ಹಾರಿ ಅಲ್ಲಿಂದ ದೇಶದೊಳಗಿನ ವಿಮಾನ ಹತ್ತುವುದು. ಇನ್ನೊಂದು ಬಗೆ ದುಬೈ, ಅಬುಧಾಬಿ, ದೋಹಾ ಅಥವಾ ಲಂಡನ್, ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂ ಮೂಲಕ ಹೋಗುವುದು. ಟಿಕೆಟ್ಟಿನ ಮೇಲೆ ಎರಡೂ 'ಒಂದು ನಿಲುಗಡೆ' ಎಂದೇ ಕಾಣುತ್ತವೆ. ನಡೆದು ನೋಡಿದರೆ ಅಜಗಜಾಂತರ. ಮುಂಬೈಯಲ್ಲಿ ಇಳಿದವರು ಅಲ್ಲೇ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕು, ಬೆಲ್ಟಿನಿಂದ ಪೆಟ್ಟಿಗೆಗಳನ್ನು ಎತ್ತಿ ಗಾಡಿಗೆ ಹೇರಬೇಕು, ಕಸ್ಟಮ್ಸ್ ದಾಟಬೇಕು, ಪೆಟ್ಟಿಗೆಗಳನ್ನು ಮತ್ತೆ ಒಪ್ಪಿಸಿ ಇನ್ನೊಮ್ಮೆ ಭದ್ರತಾ ತಪಾಸಣೆಗೆ ನಿಲ್ಲಬೇಕು. ಹದಿನಾಲ್ಕು ಗಂಟೆಗೂ ಹೆಚ್ಚು ಕುಳಿತು ಬಂದ ಎಪ್ಪತ್ತರ ಜೀವಕ್ಕೆ ಇದು ಸಣ್ಣ ಕೆಲಸವಲ್ಲ. ಗಲ್ಫ್ ಅಥವಾ ಯುರೋಪಿನ ಮೂಲಕ ಒಂದೇ ಟಿಕೆಟ್ಟಿನಲ್ಲಿ ಬಂದವರ ಪೆಟ್ಟಿಗೆ ಸಾಮಾನ್ಯವಾಗಿ ನೇರ ಬೆಂಗಳೂರಿಗೇ ಹೋಗುತ್ತದೆ, ಇಮಿಗ್ರೇಷನ್ ಕೂಡ ಅಲ್ಲೇ. ಮರಳುವಾಗ ಅಬುಧಾಬಿಯ ದಾರಿಗೆ ಇನ್ನೊಂದು ಅನುಕೂಲವಿದೆ: 2014ರಿಂದ ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಯುತ್ತದೆ, ಜೆಎಫ್‌ಕೆಯಲ್ಲಿ ದೇಶದೊಳಗಿನ ಪ್ರಯಾಣಿಕರಂತೆ ಇಳಿದು ಹೊರಡಬಹುದು. ಮನೆ ಕೊಳ್ಳುವವರು ಕೇಳಬೇಕಾದ್ದು ಇಂಥ ವಿವರಗಳನ್ನು. ಆಕಾಶದಲ್ಲಿ ಕಳೆಯುವ ಗಂಟೆಗಳ ಲೆಕ್ಕ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಇನ್ನು ನೇರ ವಿಮಾನದ ಭರವಸೆಗೆ ಬರೋಣ. ಕಳೆದ ಕೆಲವು ವರ್ಷಗಳ ಚರಿತ್ರೆ ನಮ್ಮ ಕಣ್ಣ ಮುಂದಿದೆ. 2020ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ ಬೆಂಗಳೂರಿಗೆ ನೇರ ವಿಮಾನ ಪ್ರಕಟಿಸಿತು. ಅದೇ ವರ್ಷ ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಪ್ರಕಟಿಸಿತು. ದಿನಾಂಕಗಳು ಮುಂದೆ ಮುಂದೆ ಹೋದವು, ಎರಡೂ ಒಂದು ದಿನವೂ ಹಾರಲಿಲ್ಲ. ಏರ್ ಇಂಡಿಯಾದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ವಿಮಾನ 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಹಾರಾಟದೊಂದಿಗೆ ಶುರುವಾಗಿ ಇಡೀ ನಾಡಿಗೆ ಹೆಮ್ಮೆ ತಂದಿತು. ಅದೂ ಮಧ್ಯೆ ನಿಂತು, 2022ರ ಡಿಸೆಂಬರಿನಲ್ಲಿ ವಾರಕ್ಕೆ ಮೂರರಂತೆ ಮತ್ತೆ ಹೊರಟಿತು. ನಮ್ಮ ಭಾಗಕ್ಕೆ ಬಂದರೆ, ಡೆಲ್ಟಾ 2019ರ ಡಿಸೆಂಬರಿನಲ್ಲಿ ಜೆಎಫ್‌ಕೆಯಿಂದ ಮುಂಬೈಗೆ ನೇರ ಹಾರಾಟ ಆರಂಭಿಸಿತು, ಮೂರು ತಿಂಗಳು ತುಂಬುವಷ್ಟರಲ್ಲಿ ಕೋವಿಡ್ ಬಂದು ಅದು ನಿಂತುಹೋಯಿತು. ಕಾಂಟಿನೆಂಟಲ್ ಸಂಸ್ಥೆ 2007ರಲ್ಲಿ ತೆರೆದಿದ್ದ ನ್ಯೂಆರ್ಕ್–ಮುಂಬೈ ಮಾರ್ಗ ಆಮೇಲೆ ಯುನೈಟೆಡ್ ಪಾಲಿಗೆ ಬಂದು, 2022ರ ಮಾರ್ಚಿನಲ್ಲಿ ರಷ್ಯಾದ ಆಕಾಶ ಮುಚ್ಚಿದಾಗ ಸ್ಥಗಿತಗೊಂಡಿತು. ಇದರಲ್ಲಿ ಯಾರ ಮೋಸವೂ ಇಲ್ಲ. ವಿಮಾನ ಸಂಸ್ಥೆಗಳಿಗೆ ಮಾರ್ಗವೆಂದರೆ ಲಾಭ-ನಷ್ಟದ ಲೆಕ್ಕ. ಲೆಕ್ಕ ತಪ್ಪಿದರೆ ವಿಮಾನವನ್ನು ಬೇರೆಡೆಗೆ ಕಳಿಸುತ್ತಾರೆ. ನಿಮ್ಮ ಮನೆಯನ್ನು ಹಾಗೆ ಎತ್ತಿ ಬೇರೆಡೆ ಇಡಲಾಗದು.

ನ್ಯೂಯಾರ್ಕ್–ಬೆಂಗಳೂರು ಮಾರ್ಗಕ್ಕೆ ಸರ್ಕಾರಗಳು ಅಡ್ಡಿ ಮಾಡುತ್ತಿವೆ, ಒತ್ತಡ ಹಾಕಿದರೆ ನೇರ ವಿಮಾನ ಬರುತ್ತದೆ ಎಂದು ಹೇಳುವವರಿದ್ದಾರೆ. ಆದರೆ 2005ರ ಏಪ್ರಿಲಿನಲ್ಲೇ ಭಾರತ ಮತ್ತು ಅಮೆರಿಕ ಮುಕ್ತ ಆಕಾಶ ಒಪ್ಪಂದಕ್ಕೆ ಸಹಿ ಹಾಕಿವೆ. ಎರಡೂ ದೇಶಗಳ ಸಂಸ್ಥೆಗಳು ಯಾವ ಊರಿನಿಂದ ಯಾವ ಊರಿಗೆ ಬೇಕಾದರೂ ಹಾರಬಹುದು. ತಡೆ ಇರುವುದು ಬೇಡಿಕೆಯ ಸ್ವರೂಪದಲ್ಲಿ. ಸಂಸ್ಥೆಗಳು ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೊಗಳನ್ನೇ ಏಕೆ ಆರಿಸಿಕೊಂಡವು ಎಂಬುದನ್ನು ಯೋಚಿಸಿ. ಅಲ್ಲಿಯ ತಂತ್ರಜ್ಞಾನ ಕಂಪನಿಗಳ ನೌಕರರು ವರ್ಷವಿಡೀ, ಕಂಪನಿಯ ಖರ್ಚಿನಲ್ಲಿ, ದುಬಾರಿ ಸೀಟುಗಳಲ್ಲಿ ಓಡಾಡುತ್ತಾರೆ. ನಮ್ಮ ಕಡೆಯ ಬೇಡಿಕೆ ಹೆಚ್ಚಾಗಿ ಕುಟುಂಬಗಳದ್ದು. ನ್ಯೂಜೆರ್ಸಿಯ ಶಾಲೆಗಳು ಜೂನ್ ಮೂರನೇ ವಾರದ ಹೊತ್ತಿಗೆ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುತ್ತೇವೆ, ಡಿಸೆಂಬರಿನ ಕೊನೆಯಲ್ಲಿ ಮತ್ತೊಮ್ಮೆ. ಫೆಬ್ರವರಿಯಲ್ಲೋ ಅಕ್ಟೋಬರಿನಲ್ಲೋ ಸೀಟುಗಳು ಖಾಲಿ. ಇರುವ ಪ್ರಯಾಣಿಕರು ನ್ಯೂಆರ್ಕ್ ಮತ್ತು ಜೆಎಫ್‌ಕೆ ನಡುವೆ ಹಂಚಿಹೋಗುತ್ತಾರೆ. ಹೀಗಾಗಿ ನೇರ ವಿಮಾನ ಬರಬಹುದು, ಬಂದರೆ ಸಂತೋಷ. ಆದರೆ ಬಂದದ್ದು ಉಳಿಯುತ್ತದೆ ಎಂದು ಮೂವತ್ತು ವರ್ಷ ಬಾಳುವ ಕಟ್ಟಡಕ್ಕೆ ಸಾಲ ತೆಗೆಯುವುದು ವಿವೇಕವಲ್ಲ.

ಲಾಭ-ನಷ್ಟದ ಲೆಕ್ಕಕ್ಕಿಂತ ದೊಡ್ಡ ಅಪಾಯ ಆಕಾಶವೇ ಮುಚ್ಚಿಕೊಳ್ಳುವುದು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿತು. ಉತ್ತರ ಅಮೆರಿಕದ ಏರ್ ಇಂಡಿಯಾ ವಿಮಾನಗಳು ಸುತ್ತಿ ಬಳಸಿ ಹಾರಬೇಕಾಯಿತು, ಕೆಲವು ಇಂಧನಕ್ಕಾಗಿ ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಳಿದವು. ಅದೇ ವರ್ಷದ ಸೆಪ್ಟೆಂಬರಿನಿಂದ ದೆಹಲಿ–ವಾಷಿಂಗ್ಟನ್ ವಿಮಾನವೇ ರದ್ದಾಯಿತು. ಗಲ್ಫ್ ದಾರಿ ಭದ್ರ ಎಂದುಕೊಂಡವರಿಗೆ 2025ರ ಜೂನ್ 23 ಪಾಠ ಹೇಳಿತು. ಇರಾನಿನ ಕ್ಷಿಪಣಿಗಳು ಕತಾರಿನ ಸೇನಾ ನೆಲೆಯತ್ತ ಬಂದ ದಿನ ದೋಹಾದ ಆಕಾಶ ಗಂಟೆಗಟ್ಟಲೆ ಮುಚ್ಚಿ, ವಿಮಾನಗಳು ದಾರಿ ಬದಲಿಸಿದವು. ಇವೆಲ್ಲಕ್ಕಿಂತ ಹಿಂದೆ ಕೋವಿಡ್ ಇತ್ತು. 2020ರ ಮಾರ್ಚಿನಲ್ಲಿ ನಿಂತ ಭಾರತದ ನಿಯಮಿತ ಅಂತರರಾಷ್ಟ್ರೀಯ ವಿಮಾನಯಾನ ಪೂರ್ಣವಾಗಿ ಮತ್ತೆ ಶುರುವಾದದ್ದು 2022ರ ಮಾರ್ಚ್ 27ರಂದು. ಆ ಮೊದಲ ತಿಂಗಳುಗಳಲ್ಲಿ ಒಸಿಐ ಕಾರ್ಡಿನ ವೀಸಾರಹಿತ ಪ್ರವೇಶವನ್ನೂ ತಡೆಹಿಡಿಯಲಾಗಿತ್ತು. ಸ್ವಂತ ಮನೆಯ ಬೀಗದ ಕೈ ಜೇಬಿನಲ್ಲಿದ್ದರೂ ಊರಿಗೆ ಕಾಲಿಡಲು ಆಗದವರು ನಮ್ಮಲ್ಲೇ ಇದ್ದರು. ಜಗತ್ತೇ ನಿಂತಾಗ ಯಾವ ದಾರಿಯೂ ಉಳಿಯುವುದಿಲ್ಲ, ಅದು ನಿಜ. ಆದರೆ ಮಿಕ್ಕ ಸಂದರ್ಭಗಳಲ್ಲೆಲ್ಲ ಒಂದು ದಾರಿ ಮುಚ್ಚಿದಾಗ ಇನ್ನೊಂದು ತೆರೆದಿತ್ತು. ಪಾಕಿಸ್ತಾನದ ಆಕಾಶ ಮುಚ್ಚಿದಾಗ ಗಲ್ಫಿನ ವಿಮಾನಗಳು ಹಾರಿದವು, ದೋಹಾ ಮುಚ್ಚಿದ ರಾತ್ರಿ ಯುರೋಪಿನ ದಾರಿ ಇತ್ತು. ಬೆಂಗಳೂರಿನ ನಿಜವಾದ ಬಲ ಇದು. ದೆಹಲಿ-ಮುಂಬೈ, ಗಲ್ಫ್, ಯುರೋಪ್ ಎಂಬ ಮೂರು ಪ್ರತ್ಯೇಕ ದಾರಿಗಳು ಅದಕ್ಕಿವೆ. ನೀವು ಕೊಳ್ಳುವ ಮನೆಗೂ ಈ ಮೂರೂ ಸುಲಭವಾಗಿ ಒದಗಬೇಕು.

ಬೆಂಗಳೂರನ್ನು ಆರಿಸಿದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದಂದಿನಿಂದ ಹೆಬ್ಬಾಳ, ಯಲಹಂಕ, ಬಾಗಲೂರು, ದೇವನಹಳ್ಳಿಗಳ ಜಾಗದ ಬೆಲೆಗೆ ರೆಕ್ಕೆ ಬಂದಿದೆ. ನಿಲ್ದಾಣದ ಹತ್ತಿರವೇ ಮನೆ ಇದ್ದರೆ ಒಳ್ಳೆಯದಲ್ಲವೇ ಎಂದು ಕೇಳುವಿರಿ. ವರ್ಷಕ್ಕೆ ಒಂದೋ ಎರಡೋ ಸಲ ಬಂದು ಹೋಗುವ ನಿಮಗೆ ಒಳ್ಳೆಯದು. ಆದರೆ ಆ ಮನೆಯಲ್ಲಿ ಉಳಿದ ದಿನವೆಲ್ಲ ಬದುಕುವವರು ನಿಮ್ಮ ತಂದೆ-ತಾಯಿ. ಅವರ ವೈದ್ಯರು ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಇದ್ದರೆ, ಬಂಧುಗಳು ಬಸವನಗುಡಿಯಲ್ಲಿದ್ದರೆ, ನಿಮ್ಮ ಎರಡು ದಿನದ ಅನುಕೂಲಕ್ಕಾಗಿ ಅವರು ಪ್ರತಿ ವಾರ ಬಳ್ಳಾರಿ ರಸ್ತೆಯ ಉದ್ದಕ್ಕೂ ಹೋಗಿ ಬರಬೇಕಾಗುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಬಳಿ ವಾಹನಗಳು ಹೇಗೆ ನಿಲ್ಲುತ್ತವೆ ಎಂಬುದು ಬ್ರೋಷರಿನ ನಿಮಿಷಗಳಲ್ಲಿ ಸೇರಿರುವುದಿಲ್ಲ. ವಿಮಾನ ನಿಲ್ದಾಣದ ಮೆಟ್ರೊ ಕಾಮಗಾರಿಯ ಗಡುವುಗಳು ಮತ್ತೆ ಮತ್ತೆ ಮುಂದೆ ಹೋಗಿವೆ. ನಿಲ್ದಾಣದ ಸುತ್ತಲಿನ ಯೋಜನೆಗಳೂ ಕಲ್ಲಿನಲ್ಲಿ ಕೆತ್ತಿದವಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆಂದು ಗುರುತಿಸಿದ್ದ 1,777 ಎಕರೆಯ ಸ್ವಾಧೀನವನ್ನು ರೈತರ ಸುದೀರ್ಘ ಹೋರಾಟದ ಬಳಿಕ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ರೈತರಿಗೆ ನ್ಯಾಯ ಸಿಕ್ಕಿತು. ಆ ಪಾರ್ಕನ್ನು ತೋರಿಸಿ ಸುತ್ತಲಿನ ಮನೆಗಳಿಗೆ ಬೆಲೆ ಕಟ್ಟಿದ್ದರೆ ಆ ಲೆಕ್ಕ ಅಲ್ಲಿಗೆ ಮುಗಿಯಿತು.

ಎರಡನೆಯ ವಿಮಾನ ನಿಲ್ದಾಣದ ಹೆಸರಿನಲ್ಲಿ ಮಾರುವವರ ಬಗ್ಗೆಯೂ ಎಚ್ಚರ ಬೇಕು. ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ ಒಂದು ಜಾಗವನ್ನು ರಾಜ್ಯ ಸರ್ಕಾರ ಸೂಚಿಸಿ, 2025ರ ಏಪ್ರಿಲಿನಲ್ಲಿ ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಅವುಗಳನ್ನು ನೋಡಿ ಹೋಗಿದೆ. ಆದರೆ ದೇವನಹಳ್ಳಿ ನಿಲ್ದಾಣದ ಒಪ್ಪಂದದ ಪ್ರಕಾರ, ಮೈಸೂರು, ಹಾಸನಗಳನ್ನು ಬಿಟ್ಟರೆ, 150 ಕಿ.ಮೀ. ವ್ಯಾಪ್ತಿಯಲ್ಲಿ 2033ರವರೆಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರುವಂತಿಲ್ಲ. ಜಾಗ ಗೊತ್ತಾಗಬೇಕು, ಭೂಸ್ವಾಧೀನ ಆಗಬೇಕು, ಕಟ್ಟಬೇಕು, ಆಮೇಲೆ ಯಾವ ಸಂಸ್ಥೆ ಅಲ್ಲಿಂದ ಹಾರುತ್ತದೆಂದು ನೋಡಬೇಕು. ಇಂದು ಐವತ್ತು ದಾಟಿದವರು ಅದರ ಮೇಲೆ ಹಣ ಹೂಡುವುದು ತಮ್ಮ ಬಳಕೆಯ ಮನೆಗಾಗಿ ಅಲ್ಲ ಎಂಬುದನ್ನು ತಿಳಿದೇ ಹೂಡಬೇಕು.

ಬೆಂಗಳೂರೇ ಏಕೆ, ಹುಟ್ಟೂರಿನಲ್ಲೇ ಮನೆ ಮಾಡೋಣ ಎನ್ನುವವರ ಆಸೆ ಸಹಜ, ಗೌರವಕ್ಕೆ ಅರ್ಹ. ಅವರು ಕೊನೆಯ ಹಂತದ ದಾರಿಯನ್ನು ಇನ್ನೂ ಎಚ್ಚರದಿಂದ ಎಣಿಸಬೇಕು. ಮೈಸೂರಿಗೆ ಮಂಡಕಳ್ಳಿಯ ನಿಲ್ದಾಣವನ್ನು ನೆಚ್ಚುವುದಕ್ಕಿಂತ ರಸ್ತೆಯನ್ನು ನೆಚ್ಚುವುದು ಮೇಲು: 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೆದ್ದಾರಿ ಇದೆ, ನಿಲ್ದಾಣದ ಬಾಗಿಲಿನಿಂದಲೇ ಹೊರಡುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ಮಂಗಳೂರಿಗೆ ದುಬೈ, ಅಬುಧಾಬಿಗಳಿಂದ ವಿಮಾನಗಳಿವೆ, ಹೀಗಾಗಿ ಬೆಂಗಳೂರನ್ನು ಮುಟ್ಟದೆಯೂ ಕರಾವಳಿಗೆ ತಲುಪಬಹುದು. ಆದರೆ ನ್ಯೂಯಾರ್ಕಿನ ವಿಮಾನ ಒಂದು ಟಿಕೆಟ್, ಮಂಗಳೂರಿನದು ಇನ್ನೊಂದು ಟಿಕೆಟ್ ಆದರೆ ಪೆಟ್ಟಿಗೆ ನೇರ ಹೋಗುವುದಿಲ್ಲ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ. ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಕಲಬುರಗಿಗಳಲ್ಲಿ ನಿಲ್ದಾಣಗಳಿವೆ. ಸಣ್ಣ ಊರುಗಳ ಅನೇಕ ಮಾರ್ಗಗಳು ಕೇಂದ್ರದ ಉಡಾನ್ ಯೋಜನೆಯ ಮೂರು ವರ್ಷದ ಸಹಾಯಧನದ ಬಲದಿಂದ ಹುಟ್ಟಿದವು, ಆ ಅವಧಿ ಮುಗಿದ ಮೇಲೆ ಸೊರಗುವುದು ಅಪರೂಪವಲ್ಲ. ಅಲ್ಲಿ ಮನೆ ಕೊಳ್ಳಿ. ಆದರೆ ವಿಮಾನ ನಿಂತರೂ ರೈಲಿನಲ್ಲಿ, ರಸ್ತೆಯಲ್ಲಿ ಅಪ್ಪ-ಅಮ್ಮನನ್ನು ತಲುಪುವುದು ಹೇಗೆಂದು ಮೊದಲೇ ನಿರ್ಧರಿಸಿ.

ತುರ್ತು ಬಂದಾಗ ಪ್ರತಿ ಗಂಟೆಯೂ ಮುಖ್ಯ, ಅದಕ್ಕೇ ನೇರ ವಿಮಾನ ಬೇಕು ಎಂಬ ವಾದ ಎಲ್ಲಕ್ಕಿಂತ ಬಲವಾದದ್ದು, ಎಲ್ಲಕ್ಕಿಂತ ನೋವಿನದ್ದು. ತಂದೆಯ ಹೃದಯಾಘಾತದ ಸುದ್ದಿ ಬಂದ ರಾತ್ರಿ ಯಾರೂ ನಿಲುಗಡೆಗಳನ್ನು ಎಣಿಸುತ್ತ ಕೂರುವುದಿಲ್ಲ. ಆದರೆ ಆ ರಾತ್ರಿ ಬೇಕಾದ್ದು ಮುಂದಿನ ಕೆಲವೇ ಗಂಟೆಗಳಲ್ಲಿ ಹೊರಡುವ ವಿಮಾನ. ವಾರಕ್ಕೆ ಮೂರು ದಿನ ಹಾರುವ ನೇರ ವಿಮಾನ ಸೋಮವಾರ ಹೊರಟುಹೋಗಿದ್ದರೆ ಬುಧವಾರದವರೆಗೆ ಕಾಯುವುದಕ್ಕಿಂತ, ಸಂಜೆ ನ್ಯೂಆರ್ಕ್‌ನಿಂದಲೋ ಜೆಎಫ್‌ಕೆಯಿಂದಲೋ ಹೊರಡುವ ಒಂದು ನಿಲುಗಡೆಯ ವಿಮಾನವೇ ಬೇಗ ತಲುಪಿಸುತ್ತದೆ. ಎಷ್ಟೇ ಬೇಗ ಹೊರಟರೂ ಮನೆ ಬಾಗಿಲಿಗೆ ಒಂದು ಹಗಲು-ರಾತ್ರಿ ಹಿಡಿಯುತ್ತದೆ. ಆ ಒಂದು ದಿನ ತಂದೆ-ತಾಯಿಯನ್ನು ಕಾಯುವುದು ನಿಮ್ಮ ವಿಮಾನವಲ್ಲ. ಪಕ್ಕದ ಮನೆಯವರು, ಹತ್ತಿರದ ಆಸ್ಪತ್ರೆ, ಕರೆದರೆ ಓಡಿ ಬರುವ ಬಂಧುಗಳು ಕಾಯುತ್ತಾರೆ. ತುರ್ತಿನ ಭಯವೇ ಕಾರಣವಾದರೆ, ರನ್‌ವೇಗೆ ಹತ್ತಿರದ ಮನೆಗಿಂತ ಆಸ್ಪತ್ರೆಗೂ ತಮ್ಮವರಿಗೂ ಹತ್ತಿರದ ಮನೆ ಅವರಿಗೆ ಹೆಚ್ಚು ರಕ್ಷಣೆ ಕೊಡುತ್ತದೆ. ನಿಲ್ದಾಣದ ಸಮೀಪದ ಆಸ್ತಿಗೆ ಬೆಲೆ ಏರುತ್ತದಲ್ಲ ಎಂಬ ಮಾತಿಗೂ ಉತ್ತರ ಇಷ್ಟೇ. ಏರಬಹುದು. ಹೂಡಿಕೆಗೆ ಕೊಳ್ಳುವವರು ಹೂಡಿಕೆಯ ಲೆಕ್ಕದಲ್ಲಿ ಕೊಳ್ಳಲಿ. ವಾಸಕ್ಕೆ ಕೊಳ್ಳುವವರು ಅದೇ ಲೆಕ್ಕವನ್ನು ತಂದೆ-ತಾಯಿಯ ಮೇಲೆ ಹೊರಿಸಬಾರದು.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಕೆಲವು ನಿರ್ದಿಷ್ಟ ವಿನಂತಿಗಳಿವೆ. ಮುಂಗಡ ಕೊಡುವ ಮೊದಲು ನಿಮ್ಮ ಈಗಿನ ಬಾಗಿಲಿನಿಂದ ಆ ಬಾಗಿಲಿನವರೆಗೆ ಪೂರ್ತಿ ಪ್ರಯಾಣವನ್ನು ಕಾಗದದ ಮೇಲೆ ಬರೆಯಿರಿ. ಎಡಿಸನ್ನಿನವರಿಗೆ ನ್ಯೂಆರ್ಕ್ ಹತ್ತಿರ. ಜೆಎಫ್‌ಕೆಗೆ ಸ್ಟೇಟನ್ ಐಲ್ಯಾಂಡ್ ದಾಟಿ, ವೆರಜಾನೊ ಸೇತುವೆ ಹತ್ತಿ, ಬೆಲ್ಟ್ ಪಾರ್ಕ್‌ವೇಯಲ್ಲಿ ಹೋಗಬೇಕು, ಆ ಸಮಯವನ್ನೂ ಸೇರಿಸಿ. ಮೂರು ಪ್ರತ್ಯೇಕ ದಾರಿಗಳನ್ನು ಗುರುತಿಸಿ, ಒಂದು ಮುಚ್ಚಿದರೆ ಇನ್ನೆರಡು ನಿಲ್ಲುತ್ತವೆಯೇ ಎಂದು ನೋಡಿ. ಶಾಲಾ ರಜೆಯ ವಾರದ ಟಿಕೆಟ್ ದರವನ್ನು ಇಡೀ ಕುಟುಂಬಕ್ಕೆ ಲೆಕ್ಕ ಹಾಕಿ, ಅದನ್ನು ಮನೆಯ ವಾರ್ಷಿಕ ಖರ್ಚಿಗೆ ಸೇರಿಸಿ. ಮನೆಯಲ್ಲಿ ಯಾರ ಪಾಸ್‌ಪೋರ್ಟ್ ಯಾವ ದೇಶದ್ದು, ಯಾರ ಅಮೆರಿಕದ ವೀಸಾ ಮುದ್ರೆಯ ಅವಧಿ ಮುಗಿದಿದೆ ಎಂಬುದನ್ನು ನೋಡಿ. ಯುರೋಪಿನ ಕೆಲವು ನಿಲ್ದಾಣಗಳಲ್ಲಿ ವಿಮಾನ ಬದಲಿಸುವ ನಿಯಮ ಅದರ ಮೇಲೆ ನಿಂತಿರುತ್ತದೆ, ಆಗಾಗ ಬದಲಾಗುತ್ತದೆ.

ಕಾನೂನು ಕೊಟ್ಟಿರುವ ಬಲವನ್ನೂ ಬಳಸಿ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ (ರೇರಾ) ಪ್ರಕಾರ ಜಾಹೀರಾತಿನಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಇರಲೇಬೇಕು, ಮಾರಾಟ ಕರಾರು ನೋಂದಣಿಯಾಗದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಜಾಹೀರಾತಿನ ಸುಳ್ಳು ಮಾತನ್ನು ನಂಬಿ ನಷ್ಟವಾದರೆ ಅದರ 12ನೇ ಕಲಂ ಪರಿಹಾರಕ್ಕೆ ದಾರಿ ಕೊಡುತ್ತದೆ. ಆದರೆ ಬಾಯಿಮಾತನ್ನು ಯಾವ ಪ್ರಾಧಿಕಾರದ ಮುಂದೆಯೂ ಹಿಡಿದು ತೋರಿಸಲಾಗದು. ಇಪ್ಪತ್ತು ನಿಮಿಷ ಎಂದವರಿಂದ ಬರಹದಲ್ಲಿ ಕೇಳಿ: ಯಾವ ಹೊತ್ತಿನಲ್ಲಿ, ಯಾವ ರಸ್ತೆಯಲ್ಲಿ, ಈಗಲೋ ಮೆಟ್ರೊ ಬಂದ ಮೇಲೋ? ಬರೆದು ಕೊಡಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಂತೆ.

ನ್ಯೂಯಾರ್ಕ್, ನ್ಯೂಜೆರ್ಸಿಗಳ ಕನ್ನಡ ಕೂಟಗಳ ಪದಾಧಿಕಾರಿಗಳಲ್ಲೂ ಒಂದು ಮನವಿ. ಯುಗಾದಿಗೆ, ರಾಜ್ಯೋತ್ಸವಕ್ಕೆ ಬಿಲ್ಡರುಗಳ ಪ್ರಾಯೋಜನೆ ಪಡೆಯುವುದು ತಪ್ಪಲ್ಲ, ಕಾರ್ಯಕ್ರಮ ನಡೆಸಲು ಹಣ ಬೇಕು. ಆದರೆ ಕೂಟದ ವೇದಿಕೆಯ ಪಕ್ಕದಲ್ಲಿ ನಿಂತವರ ಮಾತಿಗೆ ಕೂಟದ ವಿಶ್ವಾಸವೂ ಅಂಟಿಕೊಳ್ಳುತ್ತದೆ. ರೇರಾ ಸಂಖ್ಯೆ ತೋರಿಸದವರಿಗೆ ಮಳಿಗೆ ಕೊಡಬೇಡಿ, ಸಂಪರ್ಕದ ಬಗ್ಗೆ ಅವರು ಹೇಳುವುದನ್ನು ಮೊದಲೇ ಬರಹದಲ್ಲಿ ಪಡೆಯಿರಿ. ವರ್ಷಕ್ಕೊಮ್ಮೆ, ಮನೆ ಕೊಂಡು ಅನುಭವವಿರುವ ಸದಸ್ಯರನ್ನೂ ಊರಿನಲ್ಲಿ ಒಂಟಿಯಾಗಿರುವ ಹಿರಿಯರನ್ನೂ ಕೂರಿಸಿ ಮಾತಾಡಿಸಿ. ವಿಮಾನ ಸಂಸ್ಥೆಗಳಿಗೆ ಮನವಿ ಕಳಿಸುವುದಾದರೆ, ಯಾವ ತಿಂಗಳಲ್ಲಿ ಎಷ್ಟು ಕುಟುಂಬಗಳು ಹೋಗುತ್ತವೆ, ರಜೆಯಲ್ಲದ ದಿನಗಳಲ್ಲಿ ಎಷ್ಟು ಜನ ಹೋಗಲು ಸಿದ್ಧ ಎಂಬ ಲೆಕ್ಕವನ್ನು ಸದಸ್ಯರಿಂದ ಸಂಗ್ರಹಿಸಿ ಜೊತೆಗಿಡಿ. ಸಹಿಗಳ ಪಟ್ಟಿಗಿಂತ ಆ ಲೆಕ್ಕವನ್ನು ಅವರು ಗಂಭೀರವಾಗಿ ಓದುತ್ತಾರೆ.

ಊರಿನಲ್ಲೊಂದು ಮನೆ ಇರಲಿ ಎಂಬ ನಿಮ್ಮ ಆಸೆ ದೊಡ್ಡದು, ಅದು ಕೈಗೂಡಲಿ. ದಾರಿಗಳನ್ನು ಎಣಿಸಿ, ಅಲ್ಲಿ ಬದುಕುವವರನ್ನು ಕೇಳಿ, ಬರಹದಲ್ಲಿ ಇರುವುದನ್ನಷ್ಟೇ ನಂಬಿ ಕೊಳ್ಳಿ. ಈ ಪತ್ರವನ್ನು, ಮನೆ ಮಾರುವವರೊಂದಿಗಿನ ನಿಮ್ಮ ಮುಂದಿನ ಮಾತುಕತೆಗೆ ಮೊದಲು, ಮನೆಮಂದಿಯೆಲ್ಲ ಕೂತು ಓದಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಹಿತಚಿಂತಕ,
ನ್ಯೂಜೆರ್ಸಿಯ ಒಬ್ಬ ಕನ್ನಡಿಗ